ಮೂವತ್ತೆರಡು ಹೆಜ್ಜೆ

ಎರಡನೆಯ ಗುಂಡಿಯಲ್ಲೂ ಬರೀ ಮಣ್ಣೇ ಸಿಕ್ಕಿತು. ಅಗೆಯುವವರಿಬ್ಬರಲ್ಲಿ ದಪ್ಪಗಿದ್ದವನು ಸೊಂಟಮಟ್ಟದ ಗುಂಡಿಯಲ್ಲಿ ನಿಂತು ಮುಖ ಒರೆಸಿಕೊಂಡು, "ಮಾಮ, ಇನ್ನೆರಡು ಮೊಳ ಇಳಿದ್ರೆ ಪಾತಾಳದೋರೇ ಬಾಗಿಲು ತೆಗೀತಾರೆ. ಇಳೀಲಾ?" ಎಂದ. ಯಾರೂ ನಗಲಿಲ್ಲ. ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಮುದುಕ ಬೀದಿಯ ಮೂಲೆಯ ದರ್ಜಿ ಅಂಗಡಿಯ ಕಲ್ಲುಮೆಟ್ಟಿಲನ್ನೇ ನೋಡುತ್ತಿದ್ದ. ಮೆಟ್ಟಿಲು ಇದ್ದಲ್ಲೇ ಇತ್ತು.

ಇಲಾಖೆಯಲ್ಲಿ ಅವನನ್ನು ಹೆಜ್ಜೆ ಮಾಮ ಎಂದೇ ಕರೆಯುವುದು. ಮೂವತ್ತನಾಲ್ಕು ವರ್ಷದಿಂದ ಈ ಬಡಾವಣೆಗೆ ನೀರು ಬಿಡುವವನು. ಯಾವ ವಾಲ್ವು ಎಲ್ಲಿ ಹೂತಿದೆ ಎಂಬುದು ನಕ್ಷೆಗಿಂತ ಚೆನ್ನಾಗಿ ಅವನ ಕಾಲಿಗೆ ಗೊತ್ತಿತ್ತು. ಚಕ್ಕಿ ಗಿರಣಿಯ ಬಾಗಿಲಿನಿಂದ ಹತ್ತೊಂಬತ್ತು ಹೆಜ್ಜೆ, ಶಾಲೆಯ ಗೇಟಿನಿಂದ ನಲವತ್ತು. ಈ ಓಣಿಯದು ದರ್ಜಿಯ ಮೆಟ್ಟಿಲಿನಿಂದ ಮೂವತ್ತೆರಡು. ಪೈಪು ಹಾಕಿದಂದಿನಿಂದ ಅದನ್ನು ಮುಚ್ಚುವ ಪ್ರಮೇಯವೇ ಬಂದಿರಲಿಲ್ಲ. ಅದರ ಮೇಲೆ ನಾಲ್ಕು ಸಲ ಟಾರು ಬಿದ್ದಿತ್ತು.

ಈಗ ಪ್ರಮೇಯ ಬಂದಿತ್ತು. ಓಣಿಯ ನಡುವೆ ಒಳಚರಂಡಿ ಒಡೆದು, ಕೊಳೆಯೆಲ್ಲ ಓಣಿಗೆ ಹೋಗುವ ನೀರಿನ ಕವಲು ಪೈಪಿನೊಳಗೆ ಸೇರುತ್ತಿತ್ತು. ಮೊನ್ನೆಯ ನೀರು ಕುಡಿದ ಒಂಬತ್ತು ಜನ ವಾಂತಿಭೇದಿಯಿಂದ ಮಲಗಿದ್ದರು. ಚರಂಡಿ ಸರಿಮಾಡಲು ಇನ್ನೂ ಎರಡು ದಿನ ಬೇಕು. ಅಲ್ಲಿಯವರೆಗೆ ಓಣಿಯ ವಾಲ್ವು ಮುಚ್ಚಬೇಕು. ಇಡೀ ಲೈನನ್ನೇ ನಿಲ್ಲಿಸೋಣವೆಂದರೆ ಅದರ ತುದಿಯಲ್ಲಿ ಹೆರಿಗೆ ಆಸ್ಪತ್ರೆಯಿತ್ತು. ಅದರ ತೊಟ್ಟಿಯ ತಳ ಆಗಲೇ ಕಾಣುತ್ತಿತ್ತು. ನಾಲ್ಕು ಗಂಟೆಗೆ ನೀರು ಬಿಡಲೇಬೇಕು. ಈಗ ಎರಡೂಮುಕ್ಕಾಲು.

"ಮಾಮ, ಇನ್ನೊಂದ್ಸಲ ನಡೆದು ನೋಡಿ," ಎಂದಳು ಇಂಜಿನಿಯರಮ್ಮ. ಅವಳು ಈ ವಿಭಾಗಕ್ಕೆ ಬಂದು ಎರಡು ವರ್ಷ. ಬಂದ ಹೊಸದರಲ್ಲೇ ಅಳತೆಯ ಟೇಪು, ದಪ್ಪ ಪುಸ್ತಕ ಹಿಡಿದು ಅವನ ಹಿಂದೆ ಬಿದ್ದಿದ್ದಳು. "ಎಲ್ಲಾ ಬರೆದಿಟ್ಟುಬಿಡೋಣ ಮಾಮ." ಅವನು ನಾಳೆ ಎಂದ, ನಾಡಿದ್ದು ಎಂದ. "ಕಾಗದವಾದ್ರೆ ಇಲಿ ತಿನ್ನುತ್ತೆ ತಾಯಿ. ನನ್ನ ಕಾಲನ್ನ ಯಾವ ಇಲಿ ತಿನ್ನುತ್ತೆ?" ಎಂದು ನಗಿಸಿ ಕಳಿಸಿದ್ದ. ಬರೆದುಕೊಟ್ಟ ಮರುದಿನದಿಂದ ತನ್ನನ್ನು ಯಾರು ಕರೆಯುತ್ತಾರೆ ಎಂಬುದು ಒಳಗಿನ ಮಾತು. ಅದನ್ನು ಅವನು ದೇವರ ಮುಂದೆಯೂ ಆಡಿರಲಿಲ್ಲ.

ಅವನು ಮೆಟ್ಟಿಲಿಗೆ ಬೆನ್ನು ಕೊಟ್ಟು ನಿಂತು, ಕಣ್ಣುಮುಚ್ಚಿ ಮೇಲಿನವನನ್ನು ನೆನೆದು, ನಡೆದ. ಒಂದು, ಎರಡು, ಮೂರು. ಬೀದಿಯ ಹೆಂಗಸರು ಹೊಸ್ತಿಲಲ್ಲಿ ನಿಂತು ನೋಡಿದರು. ಭೂಮಿತಾಯಿ ಕೊಟ್ಟಿದ್ದನ್ನು ಜೋಪಾನ ಮಾಡುವವಳೇ. ಆದರೆ ಇಟ್ಟವನು ಮರೆತರೆ ಅವಳೇನು ಮಾಡಿಯಾಳು? ಮೂವತ್ತೆರಡನೆಯ ಹೆಜ್ಜೆ ಮತ್ತೆ ಮೊದಲನೆಯ ಗುಂಡಿಯ ಅಂಚಿಗೇ ಬಂದು ನಿಂತಿತು.

"ಇದನ್ನ ನೀವು ಎಣಿಸಿದ್ದು ಯಾವಾಗ ಮಾಮ?"

"ಪೈಪು ಹಾಕಿದ ದಿನವೇ ತಾಯಿ. ಆಗ ನನಗೆ ಇಪ್ಪತ್ತಾರು. ಕಲ್ಲು ಒದ್ದರೆ ಕಲ್ಲೇ ಅಳೋ ವಯಸ್ಸು."

ಇಂಜಿನಿಯರಮ್ಮನ ನೋಟ ಅವನ ಮೊಣಕಾಲಿಗೆ ಕಟ್ಟಿದ್ದ ಬಟ್ಟೆಯ ಮೇಲೆ ನಿಂತು, ಸವೆದ ಚಪ್ಪಲಿಗೆ ಇಳಿಯಿತು. ಆ ನೋಟದ ಜೊತೆಗೇ ಅವನೂ ಕೆಳಗೆ ನೋಡಿದ. ಎರಡು ಪಾದಗಳ ನಡುವೆ ಒಂದು ಗೇಣು ಜಾಗವೂ ಇರಲಿಲ್ಲ. ಅಂಕಿ ಅದೇ ಇತ್ತು. ಹೆಜ್ಜೆಯೇ ಚಿಕ್ಕದಾಗಿತ್ತು.

"ಹಂಗಾದ್ರೆ ಇನ್ನೂ ಮುಂದಿದೆ," ಎಂದ ದಪ್ಪನವನು. "ಎಷ್ಟು ಮುಂದೆ ಮಾಮ?"

"ಗೊತ್ತಿಲ್ಲ ಕಣಪ್ಪ." ಆ ಮಾತನ್ನು ಅವನು ಕೆಲಸದ ಜಾಗದಲ್ಲಿ ಆಡಿದ್ದು ಅದೇ ಮೊದಲು.

ಅಂದಾಜಿನಲ್ಲಿ ಮೂರನೆಯ ಗುಂಡಿ ತೆಗೆದರು. ಪೈಪು ಸಿಕ್ಕಿತು, ವಾಲ್ವು ಸಿಗಲಿಲ್ಲ. ಪೈಪಿನ ಗುಂಟ ನಾಲ್ಕನೆಯದನ್ನು ಶುರುಮಾಡಿದರು. ಟಾರಿನ ಕೆಳಗೆ ಹಳೆಯ ಕಾಂಕ್ರೀಟು ಸಿಕ್ಕಿ ಹಾರೆ ಕುಣಿಯಿತು. ಇಷ್ಟರಲ್ಲಿ ಆಸ್ಪತ್ರೆಯಿಂದ ಫೋನು ಬಂತು. ಇಂಜಿನಿಯರಮ್ಮ ಆಚೆ ತಿರುಗಿ ಮಾತಾಡಿ, ಫೋನನ್ನು ಸುಮ್ಮನೆ ಅಂಗೈಯಲ್ಲಿ ಹಿಡಿದುಕೊಂಡು ಬಂದಳು.

"ಹೆರಿಗೆಗೆ ಹೊಟ್ಟೆ ಕೊಯ್ದಿದಾರಂತೆ, ಕೈ ತೊಳೆಯೋಕೆ ನೀರಿಲ್ಲವಂತೆ. ಟ್ಯಾಂಕರು ಬರೋದು ಆರು ಗಂಟೆಗೆ." ಗಡಿಯಾರ ನೋಡಿಕೊಂಡು, "ನೀರು ಬಿಡಿ ಮಾಮ," ಎಂದಳು.

ಇಡೀ ಲೈನಿಗೆ ನೀರು ಬಿಡುವ ಮೂಲೆಯ ದೊಡ್ಡ ವಾಲ್ವನ್ನು ಅವನೇ ತಿರುಗಿಸಿದ. ಹದಿನಾಲ್ಕು ಸುತ್ತು. ಆಮೇಲೆ ನಾಲ್ವರೂ ಮನೆಮನೆಗೆ ಓಡಿದರು. "ಹಿಡೀಬೇಡಿ ತಾಯಿ, ಕುಡಿಯೋಕೆ ಹಿಡೀಬೇಡಿ!" ಮೂರು ದಿನಕ್ಕೊಮ್ಮೆ ಬರುವ ನೀರು. ಒಬ್ಬಳು ಬಾಗಿಲು ಹಾಕಿಕೊಂಡಳು. ಇನ್ನೊಬ್ಬಳು, "ನಿಮ್ಮ ಆಫೀಸಲ್ಲಿ ಕುಡಿಯೋದು ಯಾವ ನೀರಪ್ಪ? ಅದನ್ನೇ ಎರಡು ಕೊಡ ತಂದುಕೊಡು," ಎಂದಳು.

ಓಣಿಯ ಕೊನೆಯ ಮನೆ ಅವನ ಅಕ್ಕನದು. ಅವನು ಏದುಸಿರು ಬಿಡುತ್ತಾ ಅಂಗಳಕ್ಕೆ ಬರುವಷ್ಟರಲ್ಲಿ ಒಂದು ಕೊಡ ತುಂಬಿತ್ತು.

"ಚೆಲ್ಲಕ್ಕ, ಚರಂಡಿ ಸೇರಿದೆ."

ಅಕ್ಕ ಬಗ್ಗಿ ಮೂಸಿದಳು. "ಎಲ್ಲೋ? ಕಣ್ಣೀರಿನ ಹಾಗಿದೆ."

"ಕಾಣಲ್ಲ ಅಕ್ಕ, ವಾಸನೆಯೂ ಬರಲ್ಲ. ಆದ್ರೂ ಇದೆ."

"ಬಿಟ್ಟೋನು ಯಾರು?"

"ನಾನೇ."

"ಹಂಗಾದ್ರೆ ಸುಮ್ನಿರು. ನನ್ನ ತಮ್ಮ ಕೆಟ್ಟ ನೀರು ಬಿಡ್ತಾನಾ? ಈ ಮೇಡಮ್ಮಂದಿರು ಹೇಳಿದ್ದಕ್ಕೆಲ್ಲ ತಲೆ ಆಡಿಸ್ತೀಯ."

ಅವನು ಕೊಡಕ್ಕೆ ಕೈಹಾಕಿ ಉರುಳಿಸಿದ. ನೀರು ಅಂಗಳವೆಲ್ಲ ಹರಿಯಿತು. ಅಕ್ಕ ಖಾಲಿ ಕೊಡವನ್ನು ಎತ್ತಿ ಮತ್ತೆ ನಲ್ಲಿಯ ಕೆಳಗಿಟ್ಟಳು. ಅವನ ಮುಖದ ಬೆವರು, ಮೊಣಕಾಲಿನ ಬಟ್ಟೆ ಎರಡನ್ನೂ ನೋಡಿದಳು. ಚಿಕ್ಕವನಿದ್ದಾಗ ಹೇಗೋ ಹಾಗೆ ತೋಳು ಹಿಡಿದು ಜಗಲಿಯ ಮೇಲೆ ಕೂರಿಸಿದಳು.

"ಬಿಸಿಲಲ್ಲಿ ಸುತ್ತಿ ಸುತ್ತಿ ಒಣಗಿಹೋಗಿದೀಯ. ಮೊದಲು ಇದನ್ನ ಕುಡಿ."

ಅದೇ ನಲ್ಲಿಯಿಂದ ತುಂಬಿದ ಹಿತ್ತಾಳೆ ಲೋಟ ಅವನ ಎರಡೂ ಕೈಗಳ ನಡುವೆ ತಣ್ಣಗೆ ಕೂತಿತು. ಇಳಿಬಿಸಿಲು ನೀರಿನ ತಳದವರೆಗೂ ಹೋಗಿ, ಅಲ್ಲಿ ಒಂದು ಹೊಂಬಣ್ಣದ ಬಳೆಯಾಗಿ ಅಲುಗುತ್ತಿತ್ತು. ಅಕ್ಕ ಸೆರಗಿನಿಂದ ಅವನ ಹಣೆ ಒರೆಸುತ್ತಾ, ಅವನು ಕುಡಿಯುವುದನ್ನು ಕಾಯುತ್ತಾ ನಿಂತಳು.