ಬಟ್ಟಲಿನ ಗೆರೆ

ಯಮುನ ಸಂಜೆ ಗದ್ದೆಯಿಂದ ಬಂದವಳು ಕಂಬಳಿ ಕೊಪ್ಪೆಯನ್ನು ಜಗಲಿಯ ಗೂಟಕ್ಕೆ ಸಿಕ್ಕಿಸಿ, ಕಾಲಿನ ಕೆಸರನ್ನೂ ಸರಿಯಾಗಿ ತೊಳೆಯದೆ ಅಡಿಗೆಮನೆಗೆ ಹೋದಳು. ಒಲೆಯ ಪಕ್ಕದ ಹಲಗೆಯ ಮೇಲೆ ತಟ್ಟೆ ಮುಚ್ಚಿದ ಪಿಂಗಾಣಿ ಬಟ್ಟಲಿತ್ತು. ತಟ್ಟೆ ಎತ್ತಿದಳು. ಪಾಯಸ ಬಟ್ಟಲಿನ ಅರ್ಧಕ್ಕಿತ್ತು. ಅದರ ಮೇಲೆ, ಕಂಠದ ಹತ್ತಿರ, ಬಿಳಿಯ ಒಳಮೈಯಲ್ಲಿ ನೇರಳೆ ಬಣ್ಣದ ಗೆರೆಯೊಂದು ಸುತ್ತಲೂ ಹಿಡಿದಿತ್ತು.

ಒಂದು ಸೌಟು ಎಂದು ಅತ್ತೆಗೆ ಹೇಳಿ ಹೋಗಿದ್ದಳು. ಕಂಠದವರೆಗೆ ತುಂಬಿದರೆ ಈ ಬಟ್ಟಲು ನಾಲ್ಕು ಸೌಟು ಹಿಡಿಯುತ್ತದೆ. ಉಳಿದದ್ದು ಎರಡು. ಹಾಗಾದರೆ ಹೊಟ್ಟೆಗೆ ಹೋದದ್ದೂ ಎರಡು.

ಆವತ್ತು ಮಳೆಗಾಲದ ಆಟಿ ತಿಂಗಳ ಹದಿನೆಂಟನೆಯ ದಿನ. ಹದಿನೆಂಟು ಬಗೆಯ ಮದ್ದಿನ ಸತ್ವ ಆ ಒಂದು ದಿನ ಮದ್ದುಸೊಪ್ಪಿನಲ್ಲಿ ಕೂಡುತ್ತದೆಂದು ನಂಬಿಕೆ. ಸೊಪ್ಪು ಕುದಿಸಿದ ನೇರಳೆ ನೀರಿನಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ಕಾಯಿಹಾಲು ಹಾಕಿ ಪಾಯಸ ಮಾಡದ ಮನೆ ನಾಪೋಕ್ಲು ಸುತ್ತಿನಲ್ಲಿ ಇರಲಿಲ್ಲ. ತಿಂದವರ ಮೂತ್ರ ಕೆಂಪಗೆ ಹೋಗುತ್ತದೆ. ಹೋದರೆ ಮದ್ದು ಮೈಗೆ ಹತ್ತಿತು ಎಂದು ಎಲ್ಲರಿಗೂ ಸಮಾಧಾನ.

ಯಮುನಳಿಗೆ ಮಾತ್ರ ಅದೇ ದಿಗಿಲು. ಅತ್ತೆ ಬೊಳ್ಳಮ್ಮನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಒಂದು, ಸಂಜೆ ಒಂದು ಇನ್ಸುಲಿನ್ ಸೂಜಿ. ಸಂಜೆ ಸೂಜಿಗೆ ಮೊದಲು ಗಾಜಿನ ಕೊಳವೆಯಲ್ಲಿ ನೀಲಿ ಮದ್ದು ಹಾಕಿ, ಮೂತ್ರದ ಹನಿ ಬೆರೆಸಿ ಕಾಯಿಸಿ ಬಣ್ಣ ನೋಡಬೇಕು. ನೀಲಿಯಾಗೇ ಉಳಿದರೆ ಒಳ್ಳೆಯದು. ಹಸಿರು, ಹಳದಿ, ಕೊನೆಗೆ ಇಟ್ಟಿಗೆಯ ಕೆಂಪು ಬಂದರೆ ಸಕ್ಕರೆ ಏರಿದೆ, ಸೂಜಿ ಏರಿಸಬೇಕು. ಇವತ್ತು ಮೂತ್ರವೇ ಕೆಂಪು. ಅದನ್ನು ಕಾಯಿಸಿ ಏನೆಂದು ಓದುವುದು? ತಿಂದದ್ದನ್ನು ಕಣ್ಣಳತೆಯಲ್ಲಿ ಹಿಡಿಯುವುದೊಂದೇ ದಾರಿ. ಮಡಿಕೇರಿಯ ಡಾಕ್ಟರು ಅದಕ್ಕೆ ಕ್ಯಾಲರಿ ಎಂದು ಏನೇನೋ ಹೇಳಿದ್ದರು. ಯಮುನ ಅದನ್ನು ಸೌಟಿಗೆ, ಹಿಡಿ ಅನ್ನಕ್ಕೆ ಇಳಿಸಿಕೊಂಡಿದ್ದಳು. ಒಂದು ಸೌಟು ಪಾಯಸ ತಿಂದರೆ ಮಧ್ಯಾಹ್ನ ಅನ್ನ ಇಲ್ಲ. ಬೆಳಿಗ್ಗೆ ಅತ್ತೆ ಸೊಸೆ ಮಾಡಿಕೊಂಡ ಒಪ್ಪಂದ ಅದು.

"ಅತ್ತೆ, ಎಷ್ಟು ತಿಂದಿರಿ?"

ಬೊಳ್ಳಮ್ಮ ಒಳಕೋಣೆಯ ಮಂಚದ ಮೇಲೆ ಬಟ್ಟೆ ಸುತ್ತಿದ ಎಡಗಾಲನ್ನು ದಿಂಬಿನ ಮೇಲಿಟ್ಟು ಕೂತು ಅಡಿಕೆ ಕತ್ತರಿಸುತ್ತಿದ್ದಳು.

"ಎರಡು ಚಮಚ."

"ಎರಡು ಸೌಟಾ?"

"ಕಿವಿಗೆ ಗದ್ದೆ ಕೆಸರು ಹೊಕ್ಕಿದೆಯಾ? ಚಮಚ ಅಂದೆ, ಚಮಚ."

"ಅನ್ನ?"

"ನೀನು ಬೇಡ ಅಂದ ಮೇಲೆ ಈ ಮನೇಲಿ ಅನ್ನ ಉಟ್ಟಾ ನಂಗೆ?"

ಬಾಗಿಲಲ್ಲಿ ಕುಟ್ಟಪ್ಪ ನಕ್ಕ. ಬೊಳ್ಳಮ್ಮನ ಮಗ, ಯಮುನಳ ಗಂಡ. ನೇಗಿಲು ಹಟ್ಟಿಯಲ್ಲಿಟ್ಟು ಆಗಷ್ಟೇ ಬಂದಿದ್ದ. ಅವನ ನಾಲಗೆ ಇನ್ನೂ ನೇರಳೆಯಾಗಿತ್ತು.

"ಅವ್ವನ ಎರಡು ಚಮಚ ನಂಗೆ ಗೊತ್ತಿಲ್ಲೆಯಾ? ಹೋದ ತಿಂಗಳು ನೆಂಟರ ಮನೇಲಿ ಹೋಳಿಗೆ ಅರ್ಧ ತಿಂದು, ಉಳಿದದ್ದನ್ನ ಮಡಚಿ, ಮುಟ್ಟಲೇ ಇಲ್ಲೆ ಅಂತ ಎಲೆ ತೋರಿಸಿದವಳು."

"ಅದು ಹೋಳಿಗೆ. ಇದು ಪಾಯಸ."

"ಪಾಯಸ ಮಡಚೋಕೆ ಬರೋದಿಲ್ಲೆ, ಅಷ್ಟೇ."

ಯಮುನ ನಗಲಿಲ್ಲ. ಆ ಹೋಳಿಗೆಯ ದಿನ ಅವಳು ಅತ್ತೆಯ ಮಾತು ನಂಬಿ ಸೂಜಿ ಕಮ್ಮಿ ಹಾಕಿದ್ದಳು. ಆಮೇಲಿನ ವಾರದಲ್ಲಿ ಕಾಲ್ಬೆರಳ ಹುಣ್ಣು ಕಪ್ಪಗಾಯಿತು. ಹೀಗೇ ಸಕ್ಕರೆ ಏರಿದರೆ ಬೆರಳು ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ಬೊಳ್ಳಮ್ಮನ ಎದುರೇ ಹೇಳಿದ್ದರು. ಅದೇ ಡಾಕ್ಟರು ಇನ್ನೊಂದು ಮಾತನ್ನೂ ಹೇಳಿದ್ದರು: ತಿನ್ನದವರಿಗೆ ಜಾಸ್ತಿ ಸೂಜಿ ಬಿದ್ದರೆ ಬೆರಳಲ್ಲ, ಜೀವವೇ ಹೋಗುತ್ತದೆ. ಕೇಳಿಕೊಂಡು ಬರೋಣವೆಂದರೆ ಮೂರ್ನಾಡಿನ ರಸ್ತೆಗೆ ನಿನ್ನೆಯಿಂದ ಕಾವೇರಿಯ ನೀರು ಹತ್ತಿತ್ತು. ಬಸ್ಸು ಇರಲಿಲ್ಲ.

ಅವಳು ಬಟ್ಟಲನ್ನೇ ತಂದು ಅತ್ತೆಯ ಮುಂದೆ ಹಿಡಿದಳು. "ಈ ಗೆರೆ ನೋಡಿ. ಪಾಯಸ ಇಲ್ಲೀವರೆಗೆ ಇತ್ತು."

"ನಾ ಹಾಕ್ಕೊಂಡದ್ದು ಅರ್ಧ. ಹಾಕ್ಕೊಂಡದ್ದು ಜಾಸ್ತಿಯೇ, ಒಪ್ಪಿದೆ. ತಿಂದದ್ದು ಎರಡು ಚಮಚ."

"ಬಟ್ಟಲು ಸುಳ್ಳು ಹೇಳ್ತದಾ ಅವ್ವಾ?" ಕುಟ್ಟಪ್ಪ ಕೇಳಿದ.

"ಬಟ್ಟಲಿಗೆ ಬಾಯಿ ಉಟ್ಟು, ನಂಗೆ ಇಲ್ಲೆ!" ಬೊಳ್ಳಮ್ಮ ಕಿರುಚಿದಳು. ಅಡಿಕೆ ಹೋಳು ಕೈಯಿಂದ ಜಾರಿ ಮಂಚದ ಕೆಳಗೆ ಉರುಳಿತು. ಬಗ್ಗಿ ತೆಗೆಯಲು ಹೋದವಳು ಅರ್ಧಕ್ಕೇ ನಿಂತು, ಏನು ಹುಡುಕುತ್ತಿದ್ದೆ ಎಂಬುದೇ ಮರೆತವಳ ಹಾಗೆ ನೆಲ ನೋಡಿದಳು. "ಹಾಕು, ಎಷ್ಟು ಬೇಕೋ ಹಾಕು. ಬೇಗ ಮುಗೀಲಿ."

ಯಮುನ ಕುದಿಸಿಟ್ಟ ಸಿರಿಂಜನ್ನು ಜೋಡಿಸಿದಳು. ತೇವದ ಮರಳು ತುಂಬಿದ ಮಡಕೆಯಿಂದ ಇನ್ಸುಲಿನ್ ಸೀಸೆ ತೆಗೆದು, ದಿನದ ಗುರುತಿಗೆ ಮದ್ದು ಎಳೆದು ನಿಲ್ಲಿಸಿದಳು.

"ದಿನದ್ದು ಸಾಕಾಗೋದಿಲ್ಲೆ," ಎಂದ ಕುಟ್ಟಪ್ಪ, ತಗ್ಗಿದ ದನಿಯಲ್ಲಿ. "ಬೆರಳು ಹೋದ್ರೆ ಆಮೇಲೆ ಪಾದ. ಮರುಕ ತೋರಿಸೋ ಹೊತ್ತಾ ಇದು?"

ಅವಳು ಇನ್ನಷ್ಟು ಎಳೆದಳು. ಗಾಳಿಗುಳ್ಳೆ ಹೊರಗೆ ಬಿಟ್ಟಳು. ಅತ್ತೆಯ ಪಕ್ಕ ಕೂತು ಕಂಬಳಿ ಸರಿಸಿ ತೋಳು ಹಿಡಿದಳು.

ತೋಳು ಒದ್ದೆಯಾಗಿತ್ತು.

ಆಟಿಯ ಚಳಿ. ಒಲೆ ಬಿಟ್ಟು ಎದ್ದರೆ ಕೈಬೆರಳು ಮಡಚದ ಚಳಿ. ಯಮುನ ಅತ್ತೆಯ ಕುತ್ತಿಗೆ ಮುಟ್ಟಿದಳು. ಅಲ್ಲಿಯೂ ತಣ್ಣನೆಯ ಬೆವರು. ಕೈ ಹಿಡಿದರೆ ಬೆರಳುಗಳು ಸಣ್ಣಗೆ ನಡುಗುತ್ತಿದ್ದವು.

"ಏಕೆ ನಿಲ್ಲಿಸಿದೆ?" ಕುಟ್ಟಪ್ಪ ಕೇಳಿದ.

"ಬೆವರ್ತಿದ್ದಾರೆ."

"ಸಿಟ್ಟಿಗೆ."

"ಸಿಟ್ಟಿನ ಬೆವರು ಹೀಗೆ ತಣ್ಣಗಿರೋದಿಲ್ಲ. ಹೊಟ್ಟೆ ಖಾಲಿ ಇದ್ದು ಮದ್ದು ಜಾಸ್ತಿಯಾದ್ರೆ ಬೆವರ್ತದೆ ಅಂದಿದ್ರು ಡಾಕ್ಟರು. ಬೆಳಿಗ್ಗೆ ಸೂಜಿ ಬಿದ್ದಿದೆ. ಅನ್ನ ತಿಂದಿಲ್ಲ."

"ಅನ್ನ ಇಲ್ಲದಿದ್ರೆ ಎರಡು ಸೌಟು ಪಾಯಸ ಉಟ್ಟಲ್ಲ ಹೊಟ್ಟೇಲಿ? ಗೆರೆ ನೋಡಿದ್ದು ನೀನೇ."

ಯಮುನ ಸಿರಿಂಜು ಹಿಡಿದ ಕೈಯನ್ನು ಮೇಲೆತ್ತಿಕೊಂಡೇ ಬಟ್ಟಲ ಕಡೆ ತಿರುಗಿದಳು. ಪಾಯಸದ ಅಂಚಿನಲ್ಲಿದ್ದ ಕಲೆ ಹಸಿಯಾಗಿತ್ತು. ಕಂಠದ ಗೆರೆ ಒಣಗಿ, ಪಿಂಗಾಣಿಯ ಸಣ್ಣ ಬಿರುಕುಗಳೊಳಗೆ ಇಳಿದಿತ್ತು. ಎರಡರ ನಡುವಿನ ಬಿಳುಪಿನ ಮೇಲೆ ಒಂದು ಅಗುಳೂ ಅಂಟಿರಲಿಲ್ಲ.

"ಈ ಬಟ್ಟಲಲ್ಲಿ ಬೆಳಿಗ್ಗೆ ಯಾರಾದ್ರೂ ತಿಂದಿದ್ರಾ?"

"ನಾ ತಿಂದೆ," ಎಂದ ಕುಟ್ಟಪ್ಪ. "ನೀನು ಹಟ್ಟೀಲಿದ್ದೆ, ಕೈಗೆ ಸಿಕ್ಕಿದ್ದು ಇದು. ಅದಕ್ಕೇನು? ನಾನೇ ತೊಳೆದು ಇಟ್ಟೆ. ಚೆನ್ನಾಗಿ ತೊಳೆದೆ…"

ಮದ್ದುಸೊಪ್ಪಿನ ಕಲೆ ಬರಿಯ ನೀರಿಗೆ ಹೋಗುವುದಿಲ್ಲ ಎಂಬುದು ಆ ಊರಿನ ಮಕ್ಕಳಿಗೂ ಗೊತ್ತು.

"ಕಂಠದವರೆಗೆ ಹಾಕ್ಕೊಂಡಿದ್ರಾ?"

ಅವನು ಹೌದೆಂದು ತಲೆ ಆಡಿಸಿದ.

ಯಮುನ ಸಿರಿಂಜನ್ನು ಹಲಗೆಯ ಮೇಲಿಟ್ಟಳು. ಚಮಚ ಹುಡುಕುತ್ತ ನಿಲ್ಲಲಿಲ್ಲ. ಬಟ್ಟಲನ್ನು ಅತ್ತೆಯ ತುಟಿಗೆ ಹಿಡಿದಳು. "ಕುಡೀರಿ ಅತ್ತೆ."

ಬೊಳ್ಳಮ್ಮ ಮುಖ ತಿರುಗಿಸಿದಳು. "ಬೇಡ. ಬೆರಳು ಕಡೀತಾರೆ." ಮಾತು ತೊದಲುತ್ತಿತ್ತು.

"ಕಡಿಯೋದಿಲ್ಲ. ಕುಡೀರಿ."

"ಎರಡು ಚಮಚ ತಿಂದೆ. ಮುಚ್ಚಿಟ್ಟೆ. ಬೆರಳು ಉಳೀಲಿ ಅಂತ…"

"ಗೊತ್ತಾತ್ ಅವ್ವಾ. ಬಾಯಿ ತೆಗಿ," ಎಂದ ಕುಟ್ಟಪ್ಪ. ಅವನು ಹಿಂದೆ ಕೂತು ಅವಳ ಬೆನ್ನಿಗೆ ಎದೆ ಕೊಟ್ಟ. ಮೊದಲ ಗುಟುಕು ಗಲ್ಲದ ಮೇಲೆ ಹರಿಯಿತು. ಎರಡನೆಯದು ಗಂಟಲಿಗೆ ಇಳಿಯಿತು. ಯಮುನ ಬಟ್ಟಲನ್ನು ಓರೆ ಮಾಡುತ್ತ, ಗಂಟಲಿನ ಚಲನೆಯನ್ನೇ ನೋಡುತ್ತ ಕೂತಳು. ಸೌಟಿನ ಲೆಕ್ಕ ಅವಳ ತಲೆಯಲ್ಲಿರಲಿಲ್ಲ. ಪಾಯಸ ತಳ ಮುಟ್ಟಿದಾಗ ಕುಟ್ಟಪ್ಪ ಬೆಲ್ಲದ ಚೂರೊಂದನ್ನು ತಂದು ಕೊಟ್ಟ.

ಕಾಯುವುದೇ ದೊಡ್ಡ ಕೆಲಸವಾಯಿತು. ಹೊರಗೆ ಹಟ್ಟಿಯಲ್ಲಿ ಎತ್ತು ಕೊಡವಿಕೊಳ್ಳುವ ಸದ್ದು ಕೇಳುತ್ತಿತ್ತು. ಬೊಳ್ಳಮ್ಮನ ಬೆರಳುಗಳ ನಡುಕ ಮೆಲ್ಲಗೆ ಕಮ್ಮಿಯಾಯಿತು. ಅವಳು ಸೆರಗಿನಿಂದ ಗಲ್ಲ ಒರೆಸಿಕೊಂಡು, ಸೆರಗಿಗೆ ಹತ್ತಿದ ನೇರಳೆ ಕಲೆ ನೋಡಿದಳು.

"ಬೆಲ್ಲ ಕಮ್ಮಿ ಆಗಿದೆ," ಎಂದಳು.

ಯಮುನ ಎದ್ದು ಸಿರಿಂಜಿನ ಮದ್ದನ್ನು ಕಿಟಕಿಯ ಸರಳಿನಾಚೆ ಚಿಮ್ಮಿಸಿದಳು. ಕುಟ್ಟಪ್ಪ ಖಾಲಿ ಬಟ್ಟಲನ್ನು ಎತ್ತಿಕೊಂಡು, ಎಲ್ಲಿಡುವುದೆಂದು ತಿಳಿಯದೆ ನಿಂತಿದ್ದ.

"ತೊಳಿ," ಎಂದಳು ಬೊಳ್ಳಮ್ಮ. "ಬೂದಿ ಹಾಕಿ ತಿಕ್ಕು, ಗೆರೆ ಹೋಗೋವರೆಗೆ."