ಮೂವತ್ತೊಂದನೆಯ ಪುಟ

ಅಕ್ಷರ ತನ್ನದೇ. ನಕಲಿನ ನಕಲಾಗಿ ಮಸಿ ಹರಡಿದ್ದರೂ, ಬಾಲ ಉದ್ದವಾದ ಆ ಏಳರ ಅಂಕಿ ಬೇರೆ ಯಾರದೂ ಆಗಿರಲಿಕ್ಕಿಲ್ಲ. ಕಪಾಂಬ್ವೆ ಪುಟ ತಿರುಗಿಸಿದಳು.

ಕಿಟ್ವೆ ಪಟ್ಟಣದ ಪರೀಕ್ಷಾ ಕೇಂದ್ರದ ಹೊರಗೆ, ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದ ಲುಬೋನಾ ಎಂಬ ಹುಡುಗಿ ತಾನಾಗಿಯೇ ಆ ಹಾಳೆಗಳ ಕಟ್ಟನ್ನು ಕೊಟ್ಟಿದ್ದಳು. "ಅಮ್ಮಾ, ಆ ದಪ್ಪ ಪುಸ್ತಕ ಬಿಡಿ. ನಮ್ಮ ಕಡೆ ಪಾಸಾದೋರೆಲ್ಲ ಇದನ್ನ ಓದೇ ಪಾಸಾದೋರು."

ನಾಲ್ಕು ವರ್ಷದ ಹಿಂದೆ, ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ದಣಿದು ಬಂದು, ಪ್ರೋಗ್ರಾಮಿಂಗ್ ಪರೀಕ್ಷೆಗೆಂದು ತನಗಾಗಿ ತನ್ನ ಬೆಂಬಾ ಭಾಷೆಯಲ್ಲಿ ಬರೆದುಕೊಂಡ ಟಿಪ್ಪಣಿ. ಜೋಳದ ಹಿಟ್ಟಿನ ಚೀಲ, ಮಿನಿಬಸ್ಸಿನ ಸೀಟು, ಇವೇ ಉದಾಹರಣೆ. ಸಹೋದ್ಯೋಗಿಯೊಬ್ಬ ವಾರದ ಮಟ್ಟಿಗೆಂದು ಒಯ್ದಿದ್ದ. ಹೆಸರಿದ್ದ ಮೊದಲ ಹಾಳೆ ಎಲ್ಲಿ ಉದುರಿತೋ.

ಇದು ನನ್ನದು ಎನ್ನಲು ಬಾಯಿ ತೆರೆದಳು. ಮತ್ತೆ ಇಲ್ಲೇಕೆ ಕೂತಿದ್ದೀರಿ ಎಂದರೆ? ಎರಡು ಸಲ ಫೇಲಾದೆ ಎನ್ನಬೇಕು. ಬಾಯಿ ಮುಚ್ಚಿದಳು.

"ಚೆನ್ನಾಗಿದ್ಯಾ?"

"ಪರವಾಗಿಲ್ಲ."

ಮೂವತ್ತೊಂದನೆಯ ಪುಟದ ಅಂಚಿನಲ್ಲಿ ಯಾರದೋ ಪೆನ್ಸಿಲ್ ಬರಹ: 'ತಪ್ಪು. ಅಕ್ಷರಗಳೆಲ್ಲ ಒಂದೇ ಆದ ಮಾತ್ರಕ್ಕೆ, ಬೇರೆ ಬೇರೆ ಕಡೆ ಇಟ್ಟ ಎರಡು ಹೆಸರು ಕಂಪ್ಯೂಟರಿಗೆ ಒಂದೇ ಅಲ್ಲ.' ಮೈ ಉರಿಯಿತು. ಮತ್ತೊಮ್ಮೆ ಓದಿದಳು. ಪೆನ್ಸಿಲ್ ಹೇಳಿದ್ದೇ ಸರಿಯಾಗಿತ್ತು. ಎರಡು ಸಲವೂ ಅವಳು ಎಡವಿದ್ದು ಅಲ್ಲೇ.

ಒಳಗೆ ಅದರ ಮೇಲೆಯೇ ನಾಲ್ಕು ಪ್ರಶ್ನೆ ಬಂದವು. ಕೈ ತಡವರಿಸಲಿಲ್ಲ. ಕೊನೆಯ ಗುಂಡಿ ಒತ್ತಿದಾಗ ಪರದೆಯ ಮೇಲೆ ಎಂಬತ್ತಾರು ಮೂಡಿತು. ಪಾಸು. ನಲವತ್ತನಾಲ್ಕು ವರ್ಷದ ಕಪಾಂಬ್ವೆ ಗಟ್ಟಿಯಾಗಿ ನಕ್ಕಳು. ಮೇಲ್ವಿಚಾರಕ ಗದರಿಕೊಂಡರೂ ನಗು ನಿಲ್ಲಲಿಲ್ಲ. ಹಜಾರ ದಾಟುವಾಗ ತಾನು ಎತ್ತರವಾಗಿದ್ದೇನೆ ಅನ್ನಿಸಿತು. ಈಗ ಹೇಳಬಹುದು. ಹೇಳಿಯೇ ತೀರಬೇಕು.

ಲುಬೋನಾಳೂ ಪಾಸಾಗಿ ಹೊರಗೆ ಬಂದಿದ್ದಳು. ಗೆದ್ದ ಇನ್ನೂ ಮೂವರು ಜಕರಾಂಡ ಮರದಡಿ ಕುಣಿಯುತ್ತಿದ್ದರು. ಕಪಾಂಬ್ವೆಯನ್ನೂ ಎಳೆದುಕೊಂಡರು; ಅವಳೂ ಕುಣಿದಳು.

"ಲುಬೋನಾ, ಆ ಟಿಪ್ಪಣಿ ಬರೆದದ್ದು..."

"ಗೊತ್ತಮ್ಮಾ. ಪಾಪ, ತೀರ್ಕೊಂಡ್ರಂತೆ. ಯಾರೋ ಮೇಷ್ಟ್ರು. ಪಾಸಾದೋರು ಅವರಿಗೊಂದು ಪ್ರಾರ್ಥನೆ ಮಾಡೇ ಹೋಗೋದು."

ಆಗಲೇ ಕೈಗಳು ಕೈಗಳನ್ನು ಹಿಡಿದಿದ್ದವು. ತನ್ನ ಎಡಗೈ ಲುಬೋನಾಳ ಬಿಸಿ ಅಂಗೈಯಲ್ಲಿತ್ತು. ಎಲ್ಲರೂ ತಲೆ ಬಾಗಿಸಿದರು. ಒಳ್ಳೆಯ ಆತ್ಮ, ಪ್ರಭುವೇ, ಅದಕ್ಕೆ ಶಾಂತಿ ಕೊಡು ಎಂದ ಒಬ್ಬ.

ಕಪಾಂಬ್ವೆ ಕಣ್ಣು ಮುಚ್ಚಿದಳು. "ಆಮೆನ್" ಎಂದವರಲ್ಲಿ ಅವಳ ದನಿಯೇ ಎಲ್ಲರಿಗಿಂತ ಜೋರಾಗಿತ್ತು.