ಕಪಾಟಿನ ಹಿಂದಿನ ಗೋಡೆ

ಕೊಳ್ಳುವವರು ಮನೆಯ ತಪಾಸಣೆ ಮಾಡಿಸುವ ಹೊತ್ತಿನಲ್ಲಿ ಮಾರುವವರು ಮನೆಯಲ್ಲಿರಬಾರದು ಎಂದು ಟೊಲಿಡೊ ಊರಿಗೆಲ್ಲ ಪಾಠ ಹೇಳಿದವರು ವೆಂಡೆಲ್ ಸ್ಟ್ರೋಬೆಲ್. ಮಾಲೀಕ ಎದುರಿಗಿದ್ದರೆ ತಪಾಸಣೆಗಾರನ ಬಾಯಿ ಕಟ್ಟುತ್ತದೆ, ಇಲ್ಲವೇ ಮಾಲೀಕನ ಬಾಯಿ ಬಿಚ್ಚುತ್ತದೆ. ಎರಡೂ ಅಪಾಯ ಎನ್ನುತ್ತಿದ್ದರು. ಹಾಗಾಗಿ ಅವರದೇ ಮನೆಯ ತಪಾಸಣೆಯ ದಿನ ಅವರನ್ನು ಹೊರಗೆ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು. ತಪಾಸಣೆ ಕಲಿಸುವ ಅವರ ಶಾಲೆಯಲ್ಲಿ ಹತ್ತೊಂಬತ್ತು ವರ್ಷ ಮೇಷ್ಟರಾಗಿದ್ದವನು ನಾನು. ಅವರ ಹೆಂಡತಿ ಮಾರ್ಲಿಸ್ ಫೋನಿನಲ್ಲಿ ಹೇಳಿದ್ದಿಷ್ಟು: "ರಸ್, ಮೂರು ಗಂಟೆ ಅವನನ್ನ ಹಿಡಿದಿಟ್ಕೋ. ಪೈ ತಿನ್ಸು, ಕಾಫಿ ಕುಡ್ಸು, ಬೇಕಾದ್ರೆ ಕಾರಿನ ಗಾಳಿ ತೆಗಿ. ಮನೆಗೆ ಮಾತ್ರ ಬಿಡ್ಬೇಡ."

ಮಾರ್ಲಿಸ್‌ಗೆ ಎರಡೂ ಮಂಡಿ ಸವೆದಿದ್ದವು. ಮಲಗಲು ಹದಿನಾಲ್ಕು ಮೆಟ್ಟಿಲು ಹತ್ತಬೇಕು, ಬಟ್ಟೆ ಒಗೆಯಲು ಹನ್ನೊಂದು ಇಳಿಯಬೇಕು. ಸರೋವರದ ದಡದ ಸ್ಯಾಂಡಸ್ಕಿಯಲ್ಲಿ ತಂಗಿಯ ಮನೆ ಪಕ್ಕ ಒಂದೂ ಮೆಟ್ಟಿಲಿಲ್ಲದ ಮನೆ ನೋಡಿಟ್ಟಿದ್ದಳು. ಇದು ಮಾರಿ ಹೋದರೆ ಅದು. ಇಲ್ಲದಿದ್ದರೆ ಮೆಟ್ಟಿಲೇ ಗತಿ.

ವೆಂಡೆಲ್ ಬರುವ ಮುಂಚೆ ನಮ್ಮ ಕಡೆ ಮನೆ ಕೊಳ್ಳುವ ಜನ ಅಡುಗೆಮನೆಯ ಅಂದ ನೋಡಿ, ಆನಂದದ ಕಣ್ಣೀರು ಒರೆಸಿಕೊಂಡು, ಸಹಿ ಹಾಕುತ್ತಿದ್ದರು. ಚಾವಣಿಯ ಹಂಚು ಹೊದಿಸುವ ಕೆಲಸದಲ್ಲಿದ್ದ ಇವರು ಒಮ್ಮೆ ಅಲ್ಲಿಂದ ಬಿದ್ದು, ಎದ್ದ ಮೇಲೆ ಟಾರ್ಚು, ಏಣಿ ಹಿಡಿದು ಕೊಳ್ಳುವವರಿಗೆ ಮನೆಗಳ ಹುಳುಕು ಹೇಳತೊಡಗಿದರು. ಅದರಿಂದ ವೃತ್ತಿಯಾಯಿತು, ವೃತ್ತಿಗೊಂದು ಸಂಘ, ಸಂಘಕ್ಕೊಂದು ನೀತಿಸಂಹಿತೆ, ಕಾರ್ಪೆಟ್ ಅಂಗಡಿಯ ಮಹಡಿಯ ಮೇಲೊಂದು ಶಾಲೆ, ಒಂಬತ್ತು ಮುದ್ರಣ ಕಂಡ ಪಠ್ಯಪುಸ್ತಕ. ಯಾವುದನ್ನೂ 'ಚೆನ್ನಾಗಿದೆ' ಎನ್ನಕೂಡದು ಎಂಬುದು ಅವರ ಮೂಲಮಂತ್ರ. 'ನೋಡಿದ ಹೊತ್ತಿನಲ್ಲಿ, ನೋಡಿದಷ್ಟರ ಮಟ್ಟಿಗೆ, ಸರಿಯಿರುವಂತೆ ತೋರಿತು' ಎನ್ನಬೇಕು. ನನ್ನ ವಿದ್ಯಾರ್ಥಿಯೊಬ್ಬ ಹೆಂಡತಿಯ ಹೊಸ ಅಂಗಿಯ ಬಗ್ಗೆ ಹೀಗೇ ಹೇಳಿ ಒಂದು ವಾರ ಗ್ಯಾರೇಜಿನಲ್ಲಿ ಮಲಗಿದ್ದ.

ಹದಿನಾಲ್ಕನೇ ನಿಯಮ ಇನ್ನೊಂದು: ಮನೆಯವರ ಸಾಮಾನು ಸರಿಸಬಾರದು. ಹಿಂದೇನಿದೆಯೋ ಕಾಣಲಿಲ್ಲ ಎಂದು ಬರೆದು ಮುಂದೆ ಹೋಗಬೇಕು.

ವೆಂಡೆಲ್ ಅವರ ನೆಲಮಾಳಿಗೆಯ ಉತ್ತರದ ಗೋಡೆಗೆ ಬೆನ್ನಿಲ್ಲದ ಕಪಾಟೊಂದಿತ್ತು, ತುಂಬ ಅವರದೇ ಪುಸ್ತಕ. ಅದರ ಹಿಂದೆ, ಹೊರಗಿನ ಜೇಡಿಮಣ್ಣಿನ ಒತ್ತಡಕ್ಕೆ ಗೋಡೆ ಉದ್ದಕ್ಕೂ ಬಿರುಕು ಬಿಟ್ಟು ಮೂರು ಬೆರಳಿನಷ್ಟು ಒಳಕ್ಕೆ ಉಬ್ಬಿತ್ತು. ಮಾರುವವರು ತುಂಬಬೇಕಾದ ಫಾರ್ಮಿನಲ್ಲಿ ಗೋಡೆಗಳ ದೋಷದ ಎದುರು ಅವರು ಹಾಕಿದ ಗುರುತು 'ಗೊತ್ತಿಲ್ಲ' ಎಂಬುದಕ್ಕೆ. ಏನ್ಸಾರ್ ಇದು ಎಂದರೆ, ಕಪಾಟು ಇಟ್ಟ ಮೇಲೆ ಹನ್ನೊಂದು ವರ್ಷದಿಂದ ಆ ಗೋಡೆ ತಮ್ಮ ಕಣ್ಣಿಗೆ ಬಿದ್ದಿಲ್ಲ ಎಂದರು. ನೀತಿಸಂಹಿತೆಯ ಪ್ರಾಮಾಣಿಕತೆಯ ಅಧ್ಯಾಯ ಬರೆದವರೂ ಇವರೇ.

ತಪಾಸಣೆಯ ದಿನ ಹೋಟೆಲಿನಲ್ಲಿ ನಲವತ್ತು ನಿಮಿಷ ಸುಖವಾಗಿ ಕಳೆಯಿತು. ಆಮೇಲೆ ವೆಂಡೆಲ್, ಕೊಳ್ಳುವವರು ತಪಾಸಣೆಗೆ ಯಾರನ್ನು ಕರೆಸಿದ್ದಾರೆ ಎಂದು ಕೇಳಿದರು. ಗ್ಯಾರೆಟ್ ಪೆಲ್ಕಿ ಎಂದೆ. ಹಿಂದೆ ಶೂ ಮಾರುತ್ತಿದ್ದವನು, ನಮ್ಮ ಪರೀಕ್ಷೆಯನ್ನು ಮೂರನೇ ಸಲಕ್ಕೆ ಹೇಗೋ ದಾಟಿದವನು. ವೆಂಡೆಲ್ ಕೈಯ ಫೋರ್ಕು ಪೈ ಮೇಲೇ ನಿಂತಿತು. ಕನ್ನಡಕ ಮನೆಯಲ್ಲಿ ಬಿಟ್ಟು ಬಂದೆ ಎಂದು ಎದ್ದರು. ಕನ್ನಡಕ ಹಣೆಯ ಮೇಲಿತ್ತು. ಅವರ ಕಾರಿನಲ್ಲೇ ಬಂದದ್ದು ನನ್ನ ತಪ್ಪು.

ನಾವು ನೆಲಮಾಳಿಗೆಗೆ ಇಳಿದಾಗ ಪೆಲ್ಕಿ ಕಪಾಟಿನ ಮುಂದೆ ನಿಂತಿದ್ದ, ಕೊಳ್ಳಲು ಬಂದ ಹೆಂಡರ್‌ಶಾಟ್ ದಂಪತಿ ಅವನ ಬೆನ್ನಿಗೆ. ಕಪಾಟು ಅಡ್ಡವಿದ್ದುದರಿಂದ ಗೋಡೆ ಕಾಣಲಿಲ್ಲ ಎಂದು ಗಟ್ಟಿಯಾಗಿ ಓದಿಕೊಳ್ಳುತ್ತ ಬರೆದ. ನಿಯಮದ ಪ್ರಕಾರ ಒಂದಕ್ಷರ ಅತ್ತಿತ್ತಿಲ್ಲ. ಮಂಡಿಯ ನೆಪ ಹೇಳಿ ಮನೆಯಲ್ಲೇ ಉಳಿದು, ಮೇಲಿನ ಮೆಟ್ಟಿಲಲ್ಲಿ ನಿಂತಿದ್ದ ಮಾರ್ಲಿಸ್ ಉಸಿರು ಬಿಟ್ಟದ್ದು ಕೆಳಗಿದ್ದ ನನಗೆ ಕೇಳಿಸಿತು. ಇನ್ನು ಉಳಿದದ್ದು ಅಟ್ಟ ಒಂದೇ. ಪೆಲ್ಕಿ ಏಣಿ ಎತ್ತಿಕೊಂಡ.

"ಅಷ್ಟೇನಾ, ಪೆಲ್ಕಿ?" ಎಂದರು ವೆಂಡೆಲ್.

"ಹದಿನಾಲ್ಕನೇ ನಿಯಮ, ಸರ್."

"ನಿಯಮ ಸಾಮಾನು ಮುಟ್ಬೇಡ ಅನ್ನುತ್ತಪ್ಪ, ಕಣ್ಣು ಮುಚ್ಕೋ ಅನ್ನಲ್ಲ. ನಡುವಿನ ಸಾಲಿನ ಪುಸ್ತಕ ಮಾತ್ರ ಯಾಕೆ ಮುಂದಕ್ಕೆ ಬಂದಿವೆ? ಗೋಡೆ ನೆಟ್ಟಗಿದ್ರೆ ಪುಸ್ತಕಕ್ಕೇನು ಬಂದಿತ್ತು ರೋಗ?"

"ವೆಂಡೆಲ್," ಮಾರ್ಲಿಸ್ ಮೇಲಿನಿಂದ ಮೆಲ್ಲಗೆ ಹೇಳಿದಳು, "ನಿನ್ನ ಕನ್ನಡಕ ಹಣೆ ಮೇಲೇ ಇದೆ. ಹೋಗು, ಪೈ ಮುಗಿಸು."

ಪಾಠಕ್ಕಿಳಿದ ವೆಂಡೆಲ್‌ಗೆ ಕಿವಿ ಇರುವುದಿಲ್ಲ. ತಾವೇ ಒಂಬತ್ತೂ ಮುದ್ರಣಗಳನ್ನು ಕೆಳಗಿಳಿಸಿದರು. ಜೇಬಿನಿಂದ ತೂಗುಗುಂಡು ತೆಗೆದು, ಗೋಡೆ ಎಷ್ಟು ಉಬ್ಬಿದೆ ಎಂದು ತೋರಿಸಲು ದಾರ ಇಳಿಬಿಟ್ಟರು. ಜೇಡಿಮಣ್ಣು ನೀರು ಕುಡಿದು ಹೇಗೆ ಊದುತ್ತದೆ, ಗೋಡೆ ಮೊದಲು ಎಲ್ಲಿ ಸೋಲುತ್ತದೆ, ಮನೆಯವರು ಅದನ್ನು ಏನೇನು ಅಡ್ಡವಿಟ್ಟು ಮುಚ್ಚುತ್ತಾರೆ ಎಂದು ಮುಕ್ಕಾಲು ಗಂಟೆ ವಿವರಿಸಿದರು. ಅಷ್ಟು ಒಳ್ಳೆಯ ಪಾಠ ನಾನು ಅವರಿಂದಲೂ ಕೇಳಿರಲಿಲ್ಲ. ಹೆಂಡರ್‌ಶಾಟ್‌ನ ಹೆಂಡತಿ ಟಿಪ್ಪಣಿ ಬರೆದುಕೊಂಡಳು. ಆತ ವೆಂಡೆಲ್ ಕೈಕುಲುಕಿ, ಇಂಥ ಪ್ರಾಮಾಣಿಕ ಮನುಷ್ಯರು ಈಗಿಲ್ಲ ಎಂದು ಹೊಗಳಿ, ಅಲ್ಲೇ ವ್ಯವಹಾರ ಬಿಟ್ಟು ಹೊರಟ. ಅಟ್ಟಕ್ಕೆ ಯಾರೂ ಹತ್ತಲಿಲ್ಲ.

ಮಾರ್ಲಿಸ್ ಮೂರು ದಿನ ಯೋಚಿಸಿದಳು. ನಾಲ್ಕನೇ ದಿನ ಶಾಲೆಯ ಆಡಳಿತ ಮಂಡಳಿಗೆ ಫೋನು ಮಾಡಿ, ವಿದ್ಯಾರ್ಥಿಗಳಿಗೆ ಇನ್ನೂ ಚಿತ್ರ ತೋರಿಸಿಯೇ ಉಬ್ಬಿದ ಗೋಡೆ ಕಲಿಸುತ್ತೀರಾ ಎಂದು ವಿಚಾರಿಸಿದಳಂತೆ. ನಮ್ಮ ನೆಲಮಾಳಿಗೆಯಲ್ಲೊಂದು ಜೀವಂತ ಗೋಡೆಯಿದೆ. ಮನೆ ಕೊಂಡರೆ ಪ್ರತಿ ಶನಿವಾರ ಸಂಸ್ಥಾಪಕರೇ ಬಂದು ಪಾಠ ಹೇಳುತ್ತಾರೆ. ಡೇಟನ್ ಊರಿನ ಇನ್ನೊಂದು ಶಾಲೆಯೂ ಕೇಳುತ್ತಿದೆ ಎಂದಳಂತೆ. ಮಂಡಳಿಗೆ ತಡೆದುಕೊಳ್ಳಲಾಗಲಿಲ್ಲ. ದೋಷ ಕಣ್ಣೆದುರೇ ಇರುವಾಗ ಮತ್ತೇನು ಹುಡುಕುವುದೆಂದು, ತಪಾಸಣೆ ಕಲಿಸುವ ಶಾಲೆ ತಪಾಸಣೆ ಬೇಡವೆಂದು ಸಹಿ ಹಾಕಿ ಮನೆ ಕೊಂಡಿತು. ಆ ಸಭೆಯಲ್ಲಿ ಒಪ್ಪಿಗೆಯೆಂದು ನಾನೂ ಕೈ ಎತ್ತಿದವನೇ.

ಬೇಸಿಗೆಯಲ್ಲಿ ಸ್ಯಾಂಡಸ್ಕಿಗೆ ಹೋದೆ. ಮಾರ್ಲಿಸ್ ಸರೋವರದ ಮೀನು ಕರಿದು ಬಡಿಸಿದಳು. ಒಲೆಯಿಂದ ಮೇಜಿಗೆ ಒಂದೂ ಮೆಟ್ಟಿಲಿಲ್ಲದೆ ಓಡಾಡುತ್ತಿದ್ದಳು. ವೆಂಡೆಲ್ ಶನಿವಾರದ ಪಾಠಕ್ಕೆ ಹೋಗಿದ್ದರು. ಮೊನ್ನೆ ಮಳೆಗೆ ಆ ಮನೆಯ ಮಹಡಿಯಲ್ಲಿ ನಡೆಯುತ್ತಿದ್ದ ತರಗತಿಯ ಮೇಲೆ ಅಟ್ಟದ ಒಂದು ಮೂಲೆ ಕುಸಿಯಿತು, ತೊಲೆಗಳು ಎಂದೋ ಕೊಳೆತು ಪುಡಿಪುಡಿಯಾಗಿದ್ದವು, ವೆಂಡೆಲ್ ಹಿಗ್ಗಿ ಹೊಸ ಅಧ್ಯಾಯವನ್ನೇ ಶುರುಮಾಡಿದ್ದಾರೆ ಎಂದು ವರದಿ ಒಪ್ಪಿಸಿ, ಅಟ್ಟದ ಸಂಗತಿ ನಿಮಗೆ ಮೊದಲೇ ಗೊತ್ತಿತ್ತೇ ಎಂದು ಕೇಳಿದೆ.

ಅವಳು ನಿಂಬೆಹೋಳನ್ನು ನನ್ನ ತಟ್ಟೆಯ ಕಡೆ ಸರಿಸಿದಳು.

"ಈ ಮಂಡಿ ಇಟ್ಕೊಂಡು ನಾನು ಅಟ್ಟ ಹತ್ತೋದುಂಟಾ, ರಸ್? ಫಾರ್ಮಿನಲ್ಲಿ ಅಟ್ಟದ ಎದುರು ನಾನೂ 'ಗೊತ್ತಿಲ್ಲ' ಅಂತಾನೇ ಬರೆದಿದ್ದೀನಿ. ಮೀನು ತಿನ್ನು, ಆರಿಹೋಗುತ್ತೆ."